ಕೊಯ್ದಷ್ಟೂ ಬರುವ ಸೊಪ್ಪು

ಮೂಡಿಗೆರೆ ಕಡೆಯ ಮಳೆಯಲ್ಲಿ ಈರುಳ್ಳಿ ಬೆಳೆಯುವ ಆಸೆ ಇಟ್ಟುಕೊಳ್ಳಬಾರದು. ಗೆಡ್ಡೆ ಕಟ್ಟುವ ಮೊದಲೇ ಕೊಳೆತು ಹೋಗುತ್ತದೆ. ಬೆಳ್ಳುಳ್ಳಿಯದೂ ಅದೇ ಕಥೆ. ಆದರೆ ಅದೇ ಕುಲದ ಒಂದು ಗಿಡ ನಮ್ಮ ಬಚ್ಚಲುಮನೆ ಹಿಂದಿನ ಏರು ಮಡಿಯಲ್ಲಿ ಆರಾಮಾಗಿದೆ. ನರ್ಸರಿಯವರು ಗಾರ್ಲಿಕ್ ಚೈವ್ಸ್ ಅಂತಾರೆ, ಮನೆಯಲ್ಲಿ ಸುಮ್ನೆ ಬೆಳ್ಳುಳ್ಳಿ ಸೊಪ್ಪು. ಮೂಲ ಚೀನಾದ್ದು. ಮಣಿಪುರದವರು ಮರೋಯಿ ನಾಕುಪ್ಪಿ ಅಂತ ಕರೆದು ದಿನದ ಅಡುಗೆಗೇ ಹಾಕುತ್ತಾರೆ.

ಈರುಳ್ಳಿ ಸೊಪ್ಪಿನ ಹಾಗೆ ಎಲೆ ಟೊಳ್ಳಲ್ಲ, ಚಪ್ಪಟೆ. ಯಾವುದೋ ಹುಲ್ಲು ಅಂತ ಕಳೆ ಕೀಳುವವರು ಕೈ ಹಾಕಿಬಿಡುತ್ತಾರೆ, ಹಾಕಿದ ಮೇಲೆ ಸಾಯಂಕಾಲದವರೆಗೂ ಕೈಯೆಲ್ಲ ಬೆಳ್ಳುಳ್ಳಿ ವಾಸನೆ.

ಇದಕ್ಕೆ ಆರೈಕೆ ಅಂದರೆ ಕತ್ತರಿಯೇ. ನೆಲದಿಂದ ಎರಡು ಬೆರಳು ಬಿಟ್ಟು ಕೊಯ್ದರೆ ತುದಿಯಲ್ಲಿ ಒಂದು ಹನಿ ಜಿನುಗುತ್ತದೆ, ಆಮೇಲೆ ಎರಡು ಮೂರು ದಿನ ಬಿಟ್ಟು ನೋಡಿ, ಎಲೆ ಬುಡದಿಂದ ಬೆಳೆಯುವುದರಿಂದ ಆ ಮೊಂಡು ತುದಿಯನ್ನು ಹೊತ್ತುಕೊಂಡೇ ಮೇಲೆ ಬಂದಿರುತ್ತದೆ. ಕೊಯ್ಯದೆ ಬಿಟ್ಟರೇ ತೊಂದರೆ, ನಾರಾಗುತ್ತದೆ. ನಮ್ಮದು ಹುಳಿ ಮಣ್ಣು, ಅದಕ್ಕೆ ಬಚ್ಚಲೊಲೆಯ ಬೂದಿ ಸ್ವಲ್ಪ ಉದುರಿಸಿದರೆ ಸಾಕು. ಬುಡ ಜಾಸ್ತಿ ಒತ್ತಾದಾಗ ಕಿತ್ತು, ಬಿಡಿಸಿ, ಮತ್ತೆ ನೆಡಬೇಕು. ಚೀನಾದಲ್ಲಿ ಬೆಳಕು ಬೀಳದ ಹಾಗೆ ಮುಚ್ಚಿಟ್ಟು ಹಳದಿ ಎಲೆಯನ್ನೂ ಬೆಳೆಯುತ್ತಾರೆ, ಅದರ ಘಾಟು ಕಡಿಮೆ. ನನಗಂತೂ ಘಾಟಿಲ್ಲದ ಬೆಳ್ಳುಳ್ಳಿ ಯಾಕೆ ಬೇಕು ಅನ್ನಿಸುತ್ತದೆ.

ಅಕ್ಕಿ ರೊಟ್ಟಿಗೆ ಇದರಷ್ಟು ಹೊಂದುವ ಸೊಪ್ಪು ಇನ್ನೊಂದಿಲ್ಲ. ಸಣ್ಣಗೆ ಹೆಚ್ಚಿ, ಹಸಿಮೆಣಸಿನಕಾಯಿ, ಕಾಯಿತುರಿ ಜೊತೆ ಹಿಟ್ಟಿಗೆ ಕಲಸಿ ತಟ್ಟಿದರೆ, ಕಾವಲಿ ಮೇಲೆ ಅಂಚು ಕಂದುವ ಹೊತ್ತಿಗೆ ವಾಸನೆ ಹಜಾರದಲ್ಲಿ ಕೂತವರನ್ನೂ ಎಬ್ಬಿಸುತ್ತದೆ. ಮೊಟ್ಟೆಗೂ ಚೆನ್ನ. ಪಲ್ಯಕ್ಕಾದರೆ ಒಲೆ ಆರಿಸುವ ಮುಂಚೆ ಹಾಕಿ. ಜಾಸ್ತಿ ಬೇಯಿಸಿದರೆ ರುಚಿಯೆಲ್ಲ ಹಬೆಯಲ್ಲೇ ಹೋಗುತ್ತದೆ.

ಶ್ರಾವಣದಲ್ಲಿ ಮಾತ್ರ ನಮ್ಮನೆಯಲ್ಲಿ ಜಗಳ. ಈರುಳ್ಳಿ ಬೆಳ್ಳುಳ್ಳಿ ಬಿಟ್ಟವರು ಇದನ್ನು ತಿನ್ನಬಹುದಾ? ಸೊಪ್ಪಲ್ವಾ, ತಪ್ಪೇನು ಅಂತ ಅತ್ತೆಯ ವಾದ. ಚೀನಾದ ಬೌದ್ಧ ಸನ್ಯಾಸಿಗಳು ಈರುಳ್ಳಿ ಬೆಳ್ಳುಳ್ಳಿ ಜೊತೆ ಇದನ್ನೂ ಬಿಟ್ಟಿದ್ದಾರೆ ಅಂತ ನಾನು ಹೇಳಿ ನೋಡಿದೆ. ಅವರ ಊರಲ್ಲಿ ಶ್ರಾವಣ ಇದೆಯಾ ಅಂತ ಕೇಳಿದರು.

ಮಳೆ ಇಳಿಯುವಾಗ ಬಿಳಿ ನಕ್ಷತ್ರದಂಥ ಹೂ ಗೊಂಚಲು ಬರುತ್ತದೆ, ಜೇನು ಮುತ್ತುತ್ತದೆ. ಮೊಗ್ಗನ್ನೂ ತಿನ್ನಬಹುದು. ಬೀಜ ಉದುರಲು ಬಿಟ್ಟರೆ ಕಂಡಕಂಡಲ್ಲಿ ಹುಟ್ಟುತ್ತದೆ. ಬೀಜ ಬೇಗ ಹಳತಾಗುವುದರಿಂದ ಕೇಳಿದವರಿಗೆ ನಾನು ಬುಡ ಕಿತ್ತೇ ಕೊಡುತ್ತೇನೆ. ಕೊಡುವಾಗ ಒಂದು ಮಾತು ಹೇಳುತ್ತೇನೆ: ಮಳೆ ಲಿಲ್ಲಿ ಪಕ್ಕ ನೆಡಬೇಡಿ. ಎಲೆ ನೋಡಲು ಹೆಚ್ಚುಕಮ್ಮಿ ಒಂದೇ ಥರ, ಆದರೆ ಲಿಲ್ಲಿ ವಿಷ, ತಿಂದರೆ ವಾಂತಿ. ಜಪಾನಿನಲ್ಲಿ ಇದೇ ಸೊಪ್ಪು ಅಂತ ಡ್ಯಾಫೊಡಿಲ್ ಎಲೆ ತಿಂದು ಆಸ್ಪತ್ರೆ ಸೇರುವವರಿದ್ದಾರೆ. ಕೊಯ್ದ ಮೇಲೆ ಹಿಚುಕಿ ಮೂಸಿ. ಬೆಳ್ಳುಳ್ಳಿ ವಾಸನೆ ಇಲ್ಲವಾ, ಅಡುಗೆಮನೆಗೆ ತರಬೇಡಿ.