ನಮ್ಮ ಪುಟ್ಟಿ ಉದ್ದ ಎಷ್ಟು?

ಬಸ್ಸಿನಲ್ಲಿ ಮಗುವಿನ ವಯಸ್ಸು ಕೇಳುತ್ತಾರೆ. ರೈಲಿನಲ್ಲೂ ವಯಸ್ಸೇ. ವಯಸ್ಸಿನ ವಿಷಯದಲ್ಲಿ ನಮ್ಮ ಜನಕ್ಕೆ ಮೊದಲಿಂದಲೂ ಒಂಚೂರು ಸ್ವಾತಂತ್ರ್ಯ ಜಾಸ್ತಿ. ಕಂಡಕ್ಟರ್ ಎದುರಿಗೆ ಬಂದ ತಕ್ಷಣ ಎರಡನೇ ಕ್ಲಾಸಿನ ಹುಡುಗ ಅಂಗನವಾಡಿಗೆ ವಾಪಸ್ ಹೋಗುತ್ತಾನೆ. ಎಂಟು ವರ್ಷದವಳು ಅಮ್ಮನ ತೊಡೆ ಹತ್ತಿ ಬೆರಳು ಚೀಪುತ್ತಾಳೆ. ಆದರೆ ಬಿಡದಿ ಹತ್ತಿರದ ವಂಡರ್‌ಲಾ ಅನ್ನುವ ಮನರಂಜನಾ ಪಾರ್ಕಿನಲ್ಲಿ ಟಿಕೆಟ್ಟಿಗೆ ಮಗುವಿನ ವಯಸ್ಸು ಲೆಕ್ಕಕ್ಕೇ ಇಲ್ಲ. ಎತ್ತರ ಅಳೆಯುತ್ತಾರೆ. 85 ಸೆಂಟಿಮೀಟರಿಗಿಂತ ಕಡಿಮೆ ಇದ್ದರೆ ಫ್ರೀ, ಅಲ್ಲಿಂದ 140ರವರೆಗೆ ಮಕ್ಕಳ ಟಿಕೆಟ್, ಅದರ ಮೇಲೆ ದೊಡ್ಡವರ ಟಿಕೆಟ್. ಸುಳ್ಳು ಹೇಳಲು ಜಾಗವೇ ಇಟ್ಟಿಲ್ಲ.

ನಮ್ಮ ಪುಟ್ಟಿಗೆ ಎರಡು ತುಂಬಿ ಕೆಲವು ತಿಂಗಳಾಗಿದ್ದವು. ಇಷ್ಟು ಸಣ್ಣ ಮಗುವನ್ನು ಅಲ್ಲಿಗೆ ಯಾಕೆ ಕರ್ಕೊಂಡು ಹೋಗೋದು ಅಂತ ನಾನೂ ಕೇಳಿದೆ. ಆದರೆ ಅವಳ ಸೋದರಮಾವ, ಅಂದರೆ ನನ್ನ ತಮ್ಮ, ಜಾರುಬಂಡೆಯಿಂದ ನೀರಿಗೆ ಬೀಳುವವರ ವಿಡಿಯೋ ತೋರಿಸಿ ತನ್ನ ಪಾಡಿಗೆ ಊರಿಗೆ ಹೋಗಿಬಿಟ್ಟ. ಅವತ್ತಿಂದ ಮನೆಯಲ್ಲಿ "ಜಾರ್ಬೇಕು" ಅನ್ನುವ ಒಂದೇ ಮಂತ್ರ. ಸೋಫಾದ ಮೇಲಿಂದ ಜಾರಿದಳು, ಅಜ್ಜಿ ಮಡಿಲಿಂದ ಜಾರಿದಳು, ಅಕ್ಕಿ ಮೂಟೆ ಮೇಲಿಂದಲೂ ಜಾರಿದಳು. ಸರಿ, ಹೋಗೋಣ ಅಂತಾಯಿತು.

ಮೊದಲ ಕೆಲಸ ಮಗುವನ್ನು ಅಳೆಯುವುದು. ಅತ್ತೆ ತಮ್ಮ ಹೊಲಿಗೆ ಡಬ್ಬಿಯಿಂದ ಟೇಪ್ ತೆಗೆದು ಅಳೆದರು. 84. ಇವರು ಸ್ಟೀಲ್ ಟೇಪ್ ತಂದು ಅಳೆದರು. 85 ದಾಟಿತ್ತು. ಅತ್ತೆಯ ಟೇಪು ಎಳೆದೂ ಎಳೆದೂ ಉದ್ದವಾಗಿದೆ, ಅದಕ್ಕೇ ಕಡಿಮೆ ತೋರಿಸುತ್ತಿದೆ ಅಂತ ಇವರ ವಾದ. "ಇದೇ ಟೇಪಲ್ಲಿ ನಿನ್ನ ಮದುವೆ ಶರ್ಟಿಗೆ ಅಳತೆ ಕೊಟ್ಟಿದ್ದು ಕಣೋ, ಸರಿಯಾಗೇ ಬಂದಿತ್ತಲ್ಲ" ಅಂತ ಅತ್ತೆ. ಇಷ್ಟಕ್ಕೂ ಎರಡು ವರ್ಷದ ಮಗುವನ್ನು ಗೋಡೆಗೆ ಒರಗಿಸಿ ಅಲುಗಾಡದ ಹಾಗೆ ನಿಲ್ಲಿಸೋದು ಯಾರಿಗೆ ಸಾಧ್ಯ? ಒಂದು ಸಲ ಕುತ್ತಿಗೆ ಉದ್ದ ಮಾಡುತ್ತಾಳೆ, ಇನ್ನೊಂದು ಸಲ ಕೂತೇಬಿಡುತ್ತಾಳೆ. ಕೂತಾಗ ಬಂದ ಅಳತೆಯನ್ನೇ ಅತ್ತೆ ಖಾಯಂ ಮಾಡೋಣ ಅಂದರು.

ಅಷ್ಟರಲ್ಲಿ ಇವರು ಎಲ್ಲೋ ಓದಿಕೊಂಡು ಬಂದರು. ಬೆನ್ನುಮೂಳೆಗಳ ನಡುವೆ ಮೆತ್ತನೆ ಬಿಲ್ಲೆಗಳಿರುತ್ತವಂತೆ, ದಿನವಿಡೀ ಓಡಾಡಿದರೆ ಅವು ಒತ್ತಿಕೊಂಡು ಮನುಷ್ಯ ಸಂಜೆ ಹೊತ್ತಿಗೆ ಸುಮಾರು ಒಂದು ಸೆಂಟಿಮೀಟರ್ ಕುಗ್ಗುತ್ತಾನಂತೆ. ಇದು ನಿಜವೇ. ಆದರೆ ಅದಕ್ಕೋಸ್ಕರ ಮಧ್ಯಾಹ್ನದ ಮೇಲೆ ಹೋಗೋಣ, ಅಲ್ಲಿವರೆಗೆ ಮಗುವನ್ನು ಚೆನ್ನಾಗಿ ಓಡಾಡಿಸೋಣ ಅನ್ನುವುದಾ? ಒಂದು ಸೆಂಟಿಮೀಟರ್ ಉಳಿಸಲು ಅರ್ಧ ದಿನ ಕಳೆಯುವುದು ಯಾವ ಲೆಕ್ಕ ಅಂತ ನಾನು ಜಗಳ ಆಡಿ ಬೆಳಗ್ಗೆಯೇ ಹೊರಡಿಸಿದೆ.

ಇನ್ನೊಂದು ತೊಡಕು ಇತ್ತು. ಒಳಗಿನ ಆಟಗಳಿಗೂ ಎತ್ತರದ ಲೆಕ್ಕವೇ. ಇಷ್ಟು ಇಲ್ಲದಿದ್ದರೆ ಹತ್ತುವಂತಿಲ್ಲ ಅಂತ ಬೋರ್ಡ್ ಇರುತ್ತದೆ. ಅಂದರೆ ಗೇಟಿನಲ್ಲಿ ಗಿಡ್ಡ ಇರಬೇಕು, ಒಳಗೆ ಹೋದ ಮೇಲೆ ಉದ್ದ ಆಗಬೇಕು. ಅತ್ತೆ ಗೇಟಿನ ಪರ. ನನ್ನ ತಮ್ಮ ಆಟದ ಪರ. ಅವನು ದಿನಾ ವಿಡಿಯೋ ಕಾಲ್‌ನಲ್ಲಿ "ಪುಟ್ಟೀ, ನೆಟ್ಟಗೆ ನಿಂತ್ಕೋ, ದೊಡ್ಡವಳಾಗು" ಅಂತ ತರಬೇತಿ ಕೊಡುತ್ತಿದ್ದ. ಇದು ಅತ್ತೆಗೆ ಗೊತ್ತಿರಲಿಲ್ಲ.

ಬಟ್ಟೆಯದು ಬೇರೆಯೇ ಕಥೆ. ಮಗು ಹುಟ್ಟಿದಾಗಿಂದ ಈ ಮನೆಯಲ್ಲಿ ಅಪ್ಪಟ ಹತ್ತಿ ಬಿಟ್ಟು ಇನ್ನೇನೂ ಅವಳ ಮೈಗೆ ಸೋಕಿಲ್ಲ. ನೈಲಾನ್ ಫ್ರಾಕ್ ತಂದ ನೆಂಟರನ್ನು ಅತ್ತೆ ಇನ್ನೂ ಕ್ಷಮಿಸಿಲ್ಲ. ನೀರಿನ ಆಟಕ್ಕೆ ಇಳಿಯಬೇಕಾದರೆ ಹತ್ತಿ ಬಟ್ಟೆ ನಡೆಯಲ್ಲ, ನೈಲಾನೇ ಬೇಕು. ಹತ್ತಿ ನೀರು ಕುಡಿದು ಭಾರ ಆಗುತ್ತದೆ, ಎಳೆ ಬಿಟ್ಟು ಫಿಲ್ಟರ್‌ಗೆ ಸಿಕ್ಕಿಕೊಳ್ಳುತ್ತದೆ. ಇದನ್ನು ಅತ್ತೆಗೆ ವಿವರಿಸಿದರೆ "ಅವರ ಫಿಲ್ಟರ್ ಮುಖ್ಯನೋ ನಮ್ಮ ಮಗು ಮೈ ಮುಖ್ಯನೋ?" ಅಂದರು. ಕೊನೆಗೆ ಉದ್ದ ತೋಳಿನ ಈಜು ಬಟ್ಟೆ ತಂದೆವು. ಪುಟ್ಟಿ ಅದನ್ನು ಹಾಕಿಕೊಂಡೇ ರಾತ್ರಿ ಮಲಗಿದಳು.

ಊಟ ಹೊರಗಿಂದ ತರುವಂತಿಲ್ಲ, ಎಳೆ ಮಕ್ಕಳ ಆಹಾರಕ್ಕೆ ಮಾತ್ರ ರಿಯಾಯಿತಿ. ಈ ವಾಕ್ಯದಲ್ಲಿ ಅತ್ತೆಗೆ ಕೇಳಿಸಿದ್ದು ಎರಡನೇ ಭಾಗ ಮಾತ್ರ. ಬೆಳಗ್ಗೆ ನಾಲ್ಕಕ್ಕೆ ಎದ್ದು ಮಗುವಿಗೆಂದು ರಾಗಿ ಸರಿ ಮಾಡಿದರು. ಆಮೇಲೆ ಮಗುವಿಗೆಂದೇ ಚಿತ್ರಾನ್ನ, ಮಗುವಿಗೆಂದೇ ಚಪಾತಿ ಪಲ್ಯ, ಮಗುವಿಗೆಂದೇ ಒಂದು ಡಬ್ಬಿ ಕೋಡುಬಳೆ. ಮಗುವಿಗೆ ದವಡೆ ಹಲ್ಲು ಈಗಷ್ಟೇ ಬರುತ್ತಿವೆ ಅತ್ತೆ ಅಂದೆ. "ಅದಕ್ಕೇ ಕಣೆ, ಕಚ್ಚೋಕೆ ಗಟ್ಟಿ ಏನಾದ್ರೂ ಬೇಕು" ಅಂದರು.

ಅತ್ತೆಯ ಪ್ರಕಾರ ಕಾರೇ ಬೇಕಿರಲಿಲ್ಲ. "ಬಸ್ಸಲ್ಲಿ ನನಗೂ ನಿನಗೂ ಫ್ರೀ, ಮಗೂಗೆ ಆರು ವರ್ಷದವರೆಗೂ ಕೇಳಲ್ಲ, ಇವನೊಬ್ಬ ಟಿಕೆಟ್ ತಗೊಂಡ್ರೆ ಆಯ್ತು." 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಾಗಿಂದ ಅತ್ತೆಗೆ ದುಡ್ಡು ಕೊಟ್ಟು ಎಲ್ಲಿಗೆ ಹೋಗುವುದೂ ಅವಮಾನ. ಆದರೆ ಇವರು ಕೇಳಲಿಲ್ಲ. ವಂಡರ್‌ಲಾ 2005ರಲ್ಲಿ ಶುರುವಾದಾಗ ಇವರು ಕಾಲೇಜಿನಲ್ಲಿದ್ದರು, ಕ್ಲಾಸಿಗೆ ಚಕ್ಕರ್ ಹಾಕಿ ಬೈಕಿನಲ್ಲಿ ಹೋಗಿದ್ದರಂತೆ. ದಾರಿ ಕಣ್ಣು ಮುಚ್ಚಿಕೊಂಡು ಗೊತ್ತು ಅಂದರು. ಆ ಮೈಸೂರು ರಸ್ತೆ ಈಗ ಎಲ್ಲಿದೆ? 2023ರಲ್ಲಿ ಎಕ್ಸ್‌ಪ್ರೆಸ್‌ವೇ ಉದ್ಘಾಟನೆ ಆದಮೇಲೆ ನಡುವೆ ಆರು ಲೇನ್, ಆಚೀಚೆ ಸರ್ವಿಸ್ ರಸ್ತೆ. ವಂಡರ್‌ಲಾ ಕಡೆ ತಿರುಗಬೇಕಾದರೆ ಮೊದಲೇ ಸರ್ವಿಸ್ ರಸ್ತೆ ಹಿಡಿದಿರಬೇಕು. ಇವರು ಹಾಡು ಕೇಳುತ್ತಾ ನಡುವಿನ ರಸ್ತೆಯಲ್ಲೇ ಇದ್ದರು. ಎಡಗಡೆ ಬೇಲಿಯ ಆಚೆ ನಾವು ಸೇರಬೇಕಾದ ರಸ್ತೆ ನಮ್ಮ ಜೊತೆಗೇ ಬರುತ್ತಿದೆ, ಆ ಕಡೆ ಇಳಿಯುವ ಜಾಗ ಮಾತ್ರ ಸಿಗುತ್ತಿಲ್ಲ, ಹಿಂದೆ ಪುಟ್ಟಿ "ಜಾರ್ಬೇಕು, ಜಾರ್ಬೇಕು" ಅಂತ ಸೀಟಿಗೆ ಒದೆಯುತ್ತಿದ್ದಾಳೆ, ಎದುರಿಗೆ ಟೋಲ್ ಬಂತು. ದುಡ್ಡು ಕಟ್ಟಿ ಮುಂದೆ ಹೋಗಿ, ಎಲ್ಲೋ ಇಳಿದು, ಹಳೇ ರಸ್ತೆಯಲ್ಲಿ ಬಿಡದಿ ಊರೊಳಗಿಂದ ವಾಪಸ್ ಬರಬೇಕಾಯಿತು.

ಬಿಡದಿಗೆ ಬಂದು ತಟ್ಟೆ ಇಡ್ಲಿ ತಿನ್ನದೆ ಹೋಗಲಾಗುತ್ತದಾ? ನಿಲ್ಲಿಸಿದೆವು. ಪುಟ್ಟಿ ಅವಳ ಮುಖಕ್ಕಿಂತ ದೊಡ್ಡ ಇಡ್ಲಿಯನ್ನು ಎರಡೂ ಕೈಯಲ್ಲಿ ಹಿಡಿದು ಸ್ಟೀರಿಂಗ್ ತಿರುಗಿಸಿದಳು. "ಅಪ್ಪನಿಗಿಂತ ನೀನೇ ಚೆನ್ನಾಗಿ ಓಡಿಸ್ತೀಯ" ಅಂತ ಅತ್ತೆ ಅಂದರು. ಇವರು ಚಟ್ನಿ ತರಲು ಎದ್ದು ಹೋದರು.

ಪಾರ್ಕಿಂಗ್‌ನಲ್ಲಿ ಅತ್ತೆಗೆ ಹೊಸ ಚಿಂತೆ. ಡಬ್ಬಿಗಳನ್ನು ಒಳಗೆ ಬಿಡದಿದ್ದರೆ? ಬಿಸಿಲಿಗೆ ಕಾರಿನಲ್ಲಿ ಚಿತ್ರಾನ್ನ ಹಳಸುತ್ತದೆ. ಹೊಟ್ಟೆಯಲ್ಲಿ ಇಡ್ಲಿ ಇನ್ನೂ ಬಿಸಿ ಇರುವಾಗಲೇ ನಾವು ಕಾರಿನಲ್ಲಿ ಕೂತು ಚಿತ್ರಾನ್ನ, ಚಪಾತಿ ಎಲ್ಲ ಮುಗಿಸಿದೆವು. ರಾಗಿ ಸರಿಯ ಡಬ್ಬಿ ಮಾತ್ರ ಚೀಲದಲ್ಲಿ ಉಳಿಯಿತು. ಕೋಡುಬಳೆ ಎಲ್ಲಿ ಹೋಯಿತು ಅಂತ ನಾನು ಕೇಳಲಿಲ್ಲ. ಅತ್ತೆ ಸೆರಗು ಬಿಗಿಯಾಗಿ ಹೊದ್ದುಕೊಂಡಿದ್ದರು.

ಇನ್ನು ಅಳತೆ. ಅತ್ತೆ ಪುಟ್ಟಿಯ ತಲೆಗೆ ಎಣ್ಣೆ ಹಚ್ಚಿ ಕೂದಲನ್ನು ನೆತ್ತಿಗೆ ಅಂಟಿಸಿದ್ದರು, ಜುಟ್ಟು ಹಾಕಲು ಬಿಟ್ಟಿರಲಿಲ್ಲ. ತೆಳು ಚಪ್ಪಲಿ ಹಾಕಿಸಿದ್ದರು. "ಸ್ವಲ್ಪ ಬಗ್ಗಿ ನಿಂತ್ಕೋ ಕಂದ" ಅಂತ ಕಿವಿಯಲ್ಲಿ ಹೇಳಿದ್ದೂ ನನಗೆ ಕೇಳಿಸಿತು. ಅಳತೆಯ ಗೆರೆ ಮುಂದೆ ನಿಲ್ಲಿಸಿದ್ದೇ ತಡ, ಮಾವನ ಶಿಷ್ಯೆ ಹಿಮ್ಮಡಿ ಎತ್ತಿ, ಗದ್ದ ಎತ್ತಿ, ಎದೆ ಉಬ್ಬಿಸಿ ನಿಂತಳು. ಅಲ್ಲಿದ್ದ ಹುಡುಗಿ ನಗುತ್ತಾ "ಪಾದ ಕೆಳಗಿಡು ಪುಟ್ಟಾ" ಅಂದಳು. ಇಟ್ಟಳು. ಆದರೂ 86.

ಇವರು ಮೊದಲೇ ಆನ್‌ಲೈನ್‌ನಲ್ಲಿ ದೊಡ್ಡವರ ಟಿಕೆಟ್ ಮಾತ್ರ ತೆಗೆದಿದ್ದರು. ಅಮ್ಮನ ಟೇಪಿನ ಮೇಲೆ ಒಳಗೊಳಗೇ ನಂಬಿಕೆ ಇತ್ತು ಅಂತ ಕಾಣುತ್ತದೆ. ಈಗ ಕೌಂಟರ್‌ನಲ್ಲಿ ನಿಂತು ಮಗುವಿನ ಟಿಕೆಟ್ ತಗೊಂಡರು. ಅತ್ತೆ ಟೋಲಿನ ದುಡ್ಡನ್ನೂ ಅದಕ್ಕೆ ಕೂಡಿಸಿ ಒಟ್ಟು ಎಷ್ಟಾಯಿತು ಅಂತ ಜೋರಾಗಿ ಹೇಳಿದರು.

ಒಳಗೆ ಹೋದ ಮೇಲೆ ಹೆಚ್ಚು ಹೇಳುವಂಥದ್ದಿಲ್ಲ. ವಿಡಿಯೋದಲ್ಲಿದ್ದ ಆ ದೊಡ್ಡ ಜಾರುಬಂಡೆಗೆ ಪುಟ್ಟಿಯ ಎತ್ತರ ಸಾಲದು. ಗೇಟಿನಲ್ಲಿ ಉದ್ದ ಆದವಳು ಇಲ್ಲಿ ಗಿಡ್ಡ. ಮಕ್ಕಳ ಕೊಳದ ಸಣ್ಣ ಜಾರುಬಂಡೆಯಲ್ಲಿ ಜಾರಿದಳು, ಮತ್ತೆ ಜಾರಿದಳು, ಎತ್ತಿಕೊಂಡರೆ ಕಿರುಚಿದಳು. ಬಿಸಿನೀರಿನ ಮಳೆಯ ಕೆಳಗೆ ಇವರು ಕುಣಿದರು, ನಾನು ಆ ಕಡೆ ನೋಡಲಿಲ್ಲ. ಅತ್ತೆ ನೆರಳಲ್ಲಿ ಕೂತು ಎಲ್ಲರ ಚಪ್ಪಲಿ ಕಾದರು. ಆಗಾಗ ಕರಕರ ಸದ್ದು ಕೇಳಿಸುತ್ತಿತ್ತು.

ವಾಪಸ್ ಬರುವಾಗ ಈ ಖರ್ಚಿನ ಬಗ್ಗೆ ತಿಪಟೂರಿನ ತಂಗಿಗೆ ಫೋನಲ್ಲಿ ದೂರು ಹೋಗುತ್ತದೆ ಅಂದುಕೊಂಡೆ. ಫೋನಂತೂ ಹೋಯಿತು.

"ಅಲ್ಲಿ ಸುಮ್ನೆ ಒಳಗೆ ಬಿಡಲ್ಲ ಕಣೆ, ಮಕ್ಕಳನ್ನ ನಿಲ್ಲಿಸಿ ಟೆಸ್ಟ್ ಮಾಡ್ತಾರೆ. ಹೂಂ... ನಮ್ಮ ಪುಟ್ಟಿನಾ? ಅವಳಿಗೇನು, ಮೊದಲನೇ ಸಲಕ್ಕೇ ಪಾಸು. 85ಕ್ಕೆ 86!"