ಕೇಬಲ್ ಹೋಯ್ತು, ಪ್ಯಾಕ್ ಹೋಗ್ಲಿಲ್ಲ

"ಕೇಬಲ್ ಟೀವಿ ಕಾಲ ಮುಗೀತು, ಇನ್ನೇನಿದ್ರೂ ನೋಡೋರೇ ರಾಜರು" ಅನ್ನೋ ಥರದ ಪೋಸ್ಟುಗಳು ಆಗಾಗ ಕಣ್ಣಿಗೆ ಬೀಳ್ತವೆ. ಮೊದಲರ್ಧ ಹೆಚ್ಚುಕಮ್ಮಿ ನಿಜ. ಟೀವಿ, ಫೋನ್ ಕಂಪನಿಗಳ ಮೇಲೆ ಕಣ್ಣಿಡೋ ಸರ್ಕಾರಿ ಸಂಸ್ಥೆ ಟ್ರಾಯ್ ಲೆಕ್ಕದಲ್ಲಿ ದುಡ್ಡು ಕಟ್ಟಿ ಡಿಟಿಎಚ್ (ಮನೆ ಮೇಲೆ ಡಿಶ್ ಇಟ್ಕೊಂಡು) ನೋಡೋ ಗ್ರಾಹಕರು 2020ರಲ್ಲಿ ಸುಮಾರು 7 ಕೋಟಿ ಇದ್ದದ್ದು, 2025ರ ಹೊತ್ತಿಗೆ 6 ಕೋಟಿಗಿಂತ ಕೆಳಗಿಳಿದಿದ್ದಾರೆ. ಕೇಬಲ್‌ನವರ ಪಾಡೂ ಇದಕ್ಕಿಂತ ಚೆನ್ನಾಗೇನಿಲ್ಲ. ನನ್ನ ತಕರಾರಿರೋದು ಎರಡನೇ ಅರ್ಧದ ಬಗ್ಗೆ. ಯಾವಾಗ ನೋಡಬೇಕು ಅನ್ನೋದು ನಮ್ಮ ಕೈಗೆ ಬಂದಿದೆ, ಒಪ್ತೀನಿ. ಏನು ನೋಡಬೇಕು, ಅದಕ್ಕೆ ಎಷ್ಟು ಕೊಡಬೇಕು ಅನ್ನೋದು ಇನ್ನೂ ಬಂದಿಲ್ಲ. ಕನ್ನಡದಲ್ಲೇ ನೋಡಬೇಕು ಅನ್ನೋರಿಗಂತೂ ಖಂಡಿತಾ ಬಂದಿಲ್ಲ.

2019ರ ಫೆಬ್ರವರಿ ನೆನಪಿದೆಯಾ? ಟ್ರಾಯ್‌ನ ಹೊಸ ದರ ಪದ್ಧತಿ ಜಾರಿಗೆ ಬಂದ ತಿಂಗಳು. ಬೇಕಾದ ಚಾನೆಲ್ ಮಾತ್ರ ಆರಿಸ್ಕೊಳ್ಳಿ, ಅದಕ್ಕಷ್ಟೇ ದುಡ್ಡು ಕೊಡಿ ಅಂದ್ರು. ನೂರು ಚಾನೆಲ್ ತನಕ ಲೈನ್ ಬಾಡಿಗೆ 130 ರೂಪಾಯಿ, ಜಿಎಸ್‌ಟಿ ಸೇರಿ 153. ಪೇ ಚಾನೆಲ್‌ಗಳ, ಅಂದ್ರೆ ಪುಕ್ಕಟೆ ಸಿಗದ ಚಾನೆಲ್‌ಗಳ ದುಡ್ಡು ಅದರ ಮೇಲೆ. ಸಾಗರದ ನಮ್ಮನೆಗೆ ಕೇಬಲ್ ಹುಡುಗ ಒಂದು ಜೆರಾಕ್ಸ್ ಹಾಳೆ ತಂದುಕೊಟ್ಟ. ಸಣ್ಣ ಅಕ್ಷರದಲ್ಲಿ ಚಾನೆಲ್ ಹೆಸರು, ಪಕ್ಕದಲ್ಲಿ ರೇಟು, ಅದರ ಪಕ್ಕದಲ್ಲಿ ಟಿಕ್ ಹಾಕೋಕೆ ಚೌಕ. ಅಪ್ಪ ರಿಟೈರ್ಡ್ ಮೇಷ್ಟ್ರು. ಕನ್ನಡಕ ಹಾಕ್ಕೊಂಡು ಪೆನ್ಸಿಲ್ ಹಿಡ್ಕೊಂಡು ಉತ್ತರ ಪತ್ರಿಕೆ ತಿದ್ದೋ ಗತ್ತಿನಲ್ಲೇ ಕೂತ್ರು. ಅಮ್ಮನ ಧಾರಾವಾಹಿಗೆ ಮೂರು ಚಾನೆಲ್, ಕ್ರಿಕೆಟ್ಟಿಗೊಂದು, ನ್ಯೂಸಿಗೆ ಎರಡು, ಹಳೇ ಸಿನಿಮಾಕ್ಕೊಂದು. ಕೂಡಿಸಿ ನೋಡಿದ್ರೆ ಮೊದಲು ಕೊಡ್ತಿದ್ದ ದುಡ್ಡಿಗಿಂತ ಜಾಸ್ತಿ! ಹುಡುಗ ನಗ್ತಾ, "ಮೇಷ್ಟ್ರೇ, ಇದೆಲ್ಲ ತಲೆಬಿಸಿ ಯಾಕೆ, ಈ ಪ್ಯಾಕ್ ಹಾಕ್ಸಿ, ಎಲ್ಲಾ ಬರ್ತದೆ" ಅಂದ. ಅಪ್ಪ ಹಾಳೆ ಮಡಚಿಟ್ರು.

ಆಗಿದ್ದೇನಂದ್ರೆ, ಪ್ಯಾಕ್ ಒಳಗೆ, ಅಂದ್ರೆ ಒಟ್ಟಿಗೆ ಮಾರೋ ಚಾನೆಲ್‌ಗಳ ಕಟ್ಟಿನೊಳಗೆ, ಸೇರಿಸಬೇಕಾದ ಚಾನೆಲ್‌ಗೆ 19 ರೂಪಾಯಿ ಮಿತಿ ಹಾಕಿದ್ರು. ಮಿತಿ ಅಂದಮೇಲೆ ಅದೇ ರೇಟು. ದೊಡ್ಡ ಕನ್ನಡ ಮನರಂಜನಾ ಚಾನೆಲ್‌ಗಳಲ್ಲಿ ಕೆಲವು 19ಕ್ಕೇ ಹೋಗಿ ನಿಂತ್ವು. ಅದೇ ಕಂಪನಿಯ ಹಲವು ಚಾನೆಲ್ ಸೇರಿದ ಪ್ಯಾಕ್ ತಗೊಂಡ್ರೆ ಅದಕ್ಕಿಂತ ತುಸು ಮಾತ್ರ ಹೆಚ್ಚು. ಒಂದನ್ನೇ ಬಿಡಿಯಾಗಿ ಆರಿಸ್ಕೊಳ್ಳೋನು ಪೆದ್ದ ಅನ್ನಿಸ್ಕೋಬೇಕು, ಹಾಗಿತ್ತು ಲೆಕ್ಕ. ಆಮೇಲೂ ಜಗಳ ನಿಲ್ಲಲಿಲ್ಲ. 2023ರ ಫೆಬ್ರವರಿಯಲ್ಲಿ ಚಾನೆಲ್‌ನವರ ಹೊಸ ರೇಟಿಗೆ ಸಹಿ ಹಾಕದ ಕೇಬಲ್ ಕಂಪನಿಗಳಿಗೆ ಸ್ಟಾರ್, ಜೀ, ಸೋನಿ ಮೂವರೂ ಸಿಗ್ನಲ್ ಕಟ್ ಮಾಡಿದ್ರು. ತಿಂಗಳ ದುಡ್ಡು ಕಟ್ಟಿ ಕೂತಿದ್ದ ಮನೆಗಳಲ್ಲಿ ಚಾನೆಲ್ ಮಾಯ. ನೋಡೋರನ್ನ ಯಾರೂ ಒಂದು ಮಾತು ಕೇಳಲಿಲ್ಲ.

ಇದರಿಂದ ರೋಸಿಹೋಗಿ ಒಟಿಟಿ ಕಡೆ, ಅಂದ್ರೆ ಇಂಟರ್ನೆಟ್ಟಿನಲ್ಲಿ ಸಿನಿಮಾ, ಧಾರಾವಾಹಿ ತೋರಿಸೋ ಆಪ್‌ಗಳ ಕಡೆ ಹೊರಟವರು ತುಂಬ ಜನ. ನಾನೂ ಬೆಂಗಳೂರಿನ ಮನೆಯಲ್ಲಿ ಕೇಬಲ್ ತೆಗೆಸಿ ಬರೀ ಇಂಟರ್ನೆಟ್ ಇಟ್ಕೊಂಡೆ. ಲಾಭ ಇಲ್ಲ ಅಂತ ಹೇಳಿದ್ರೆ ಸುಳ್ಳಾಗುತ್ತೆ. ಆಫೀಸಿಂದ ಬರೋದು ಎಷ್ಟು ಹೊತ್ತಾದ್ರೂ ನಮ್ಮ ಹೊತ್ತಿಗೆ ನೋಡಬಹುದು. ರಿಮೋಟಿಗೆ ಕಿತ್ತಾಟ ಇಲ್ಲ. ನ್ಯೂಜೆರ್ಸಿಯಲ್ಲಿರೋ ನನ್ನ ತಂಗಿ, ಅಮ್ಮ ಇಬ್ಬರೂ ಒಂದೇ ಧಾರಾವಾಹಿಯ ಒಂದೇ ಕಂತು ನೋಡಿ ಫೋನಲ್ಲಿ ಅತ್ತೆ ಪಾತ್ರವನ್ನ ಬೈಕೊಳ್ತಾರೆ.

ಆದ್ರೆ ಪ್ಯಾಕ್ ಇಲ್ಲೂ ಹುಡುಕ್ಕೊಂಡು ಬಂತು. 2023, 2024ರಲ್ಲಿ ಐಪಿಎಲ್ ಜಿಯೋಸಿನಿಮಾದಲ್ಲಿ ಪುಕ್ಕಟೆ. 2025ರ ಫೆಬ್ರವರಿಯಲ್ಲಿ ಅದೂ ಹಾಟ್‌ಸ್ಟಾರೂ ಒಂದಾಗಿ ಜಿಯೋಹಾಟ್‌ಸ್ಟಾರ್ ಆಯ್ತು. ಆ ವರ್ಷದ ಐಪಿಎಲ್ ಪೂರ್ತಿ ನೋಡಬೇಕಾದ್ರೆ ಮೂರು ತಿಂಗಳಿಗೆ 149 ರೂಪಾಯಿಯ ಪ್ಲಾನ್, ಇಲ್ಲಾಂದ್ರೆ ಅದನ್ನ ಒಳಗೊಂಡ ಮೊಬೈಲ್ ರಿಚಾರ್ಜ್. ಜಾಹೀರಾತಿಲ್ಲ ಅಂತ ಅಮೆಜಾನ್ ಪ್ರೈಮ್‌ಗೆ ಹೋದವರಿಗೆ 2025ರ ಜೂನ್‌ನಿಂದ ಅಲ್ಲೂ ಜಾಹೀರಾತು. ಬೇಡ ಅಂದ್ರೆ ತಿಂಗಳಿಗೆ ಇನ್ನೊಂದು 129 ಕೊಡಿ. ಟೀವಿಯಲ್ಲಿ ಗಂಟೆಗೆ 12 ನಿಮಿಷಕ್ಕಿಂತ ಜಾಸ್ತಿ ಜಾಹೀರಾತು ಹಾಕಬಾರದು ಅಂತ ನಿಯಮವಾದ್ರೂ ಇದೆ (ಪಾಲಿಸೋ ಮಾತು ಬೇರೆ, ಬಿಡಿ). ಒಟಿಟಿಯ ರೇಟಿಗೆ ಟ್ರಾಯ್‌ನ ಹಿಡಿತವೇ ಇಲ್ಲ. ಈಗ ನಮ್ಮನೆಯಲ್ಲಿ ನೋಡೋದು ಹೆಚ್ಚುಕಮ್ಮಿ ರಿಚಾರ್ಜ್ ಜೊತೆ ಬಂದದ್ದನ್ನೇ. ಅಪ್ಪನ ಪೆನ್ಸಿಲ್ ಕಾಲದಲ್ಲಿ ಕನಿಷ್ಠ ರೇಟಾದ್ರೂ ಹಾಳೆ ಮೇಲಿತ್ತು.

ಹೋದ ವರ್ಷ ಊರಿನ ಮನೆಗೂ ಸ್ಮಾರ್ಟ್ ಟೀವಿ ತಂದೆ. ಅಮ್ಮನಿಗೆ ಚಾನೆಲ್ ಹೆಸರಿಗಿಂತ ನಂಬರ್ ಗೊತ್ತು. ಕತ್ತಲಲ್ಲಿ ಕೊಟ್ರೂ ಬೆರಳು ತಾನಾಗೇ ಒತ್ತುತ್ತೆ. ಹೊಸ ರಿಮೋಟಿನಲ್ಲಿ ನಂಬರೇ ಇಲ್ಲ, ಬಾಣದ ಗುರುತು ಮಾತ್ರ. ಆಪ್ ತೆಗೆದ್ರೆ ಯಾರು ನೋಡ್ತಿರೋದು ಅಂತ ಇಂಗ್ಲಿಷಲ್ಲಿ ಕೇಳುತ್ತೆ. ಅದು ದಾಟಿದ್ರೆ ಆಗೀಗ ಲಾಗೌಟ್ ಆಗಿರುತ್ತೆ, ಓಟಿಪಿ ಬರೋದು ಬೆಂಗಳೂರಲ್ಲಿರೋ ನನ್ನ ಫೋನಿಗೆ. ಮೀಟಿಂಗ್ ಮಧ್ಯೆ ಅಮ್ಮನ ಕಾಲ್: "ನಂಬರ್ ಬಂತನಾ? ಬೇಗ ಹೇಳು ಮಾರಾಯ, ಶುರುವಾಗ್ತು." ಹಾಗಾಗಿ ಊರಲ್ಲಿ ಕೇಬಲ್ ತೆಗೆಸಿಲ್ಲ. ಸ್ಮಾರ್ಟ್ ಟೀವಿಗೆ ಹಳೇ ಸೆಟ್ ಟಾಪ್ ಬಾಕ್ಸೇ ಜೋಡಿಸಿದೆ.

ಕೇಬಲ್ ಇಟ್ಕೊಂಡಿದ್ದಕ್ಕೆ ಇನ್ನೊಂದು ಕಾರಣ ಲೋಕಲ್ ಚಾನೆಲ್. ದೊಡ್ಡ ಊರಿನವರಿಗೆ ಇದರ ಮಹತ್ವ ತಿಳಿಯೋದು ಕಷ್ಟ. ಸಾಗರದಲ್ಲಿ ಮೂರು ವರ್ಷಕ್ಕೊಮ್ಮೆ ಆಗೋ ಮಾರಿಕಾಂಬಾ ಜಾತ್ರೆಯ ನೂಕುನುಗ್ಗಲಿಗೆ ಹೋಗಲಾಗದ ವಯಸ್ಸಾದವರು ಮನೆಯಲ್ಲೇ ಕೂತು ದೇವಿಯನ್ನ ನೋಡಿದ್ದು ಅದರಲ್ಲಿ. ಕೆಳಗೆ ಓಡೋ ಸಾಲಿನಲ್ಲಿ ಬಂಗಾರದ ಅಂಗಡಿಯ ಆಷಾಢದ ಆಫರ್, ನಾಳೆ ಕರೆಂಟ್ ಇಲ್ಲದ ಬಡಾವಣೆಗಳು, ಯಾರದೋ ವೈಕುಂಠ ಸಮಾರಾಧನೆ. ಕರಾವಳಿಯಲ್ಲಂತೂ ಯಕ್ಷಗಾನ, ತುಳು ಕಾರ್ಯಕ್ರಮ, ದೇವಸ್ಥಾನದ ಬ್ರಹ್ಮಕಲಶದ ನೇರಪ್ರಸಾರ ಅಂತ ಇಂಥ ಚಾನೆಲ್‌ಗಳೇ ಒಂದು ಪುಟ್ಟ ಉದ್ಯಮ. ಅವುಗಳಲ್ಲಿ ಹಲವು ಈಗ ಯೂಟ್ಯೂಬಿಗೂ ಬಂದಿವೆ. ಬಂದದ್ದು ಒಳ್ಳೇದೇ. ಆದ್ರೆ ಅಲ್ಲಿ ಹುಡುಕಿದ್ರೆ ಮಾತ್ರ ಸಿಗ್ತವೆ, ಇಲ್ಲಿ ಚಾನೆಲ್ ತಿರುಗಿಸ್ತಾ ಹೋದ್ರೂ ಸಿಗುತ್ತೆ.

ಇನ್ನು ಕ್ರಿಕೆಟ್. 2025ರ ಜೂನ್ 3, ಆರ್‌ಸಿಬಿ ಫೈನಲ್. ನಾನು ಇಂಟರ್ನೆಟ್ಟಿನಲ್ಲಿ ನೋಡ್ತಿದ್ದೆ, ಕೆಳಗಿನ ಮನೆಯವರು ಕೇಬಲ್‌ನಲ್ಲಿ. ಪ್ರತಿ ವಿಕೆಟ್ಟೂ ನನಗೆ ಮೊದಲು ಕೇಳಿಸಿದ್ದು ಅವರ ಕೂಗಿನಲ್ಲಿ. ಹದಿನೆಂಟು ವರ್ಷ ಕಾದ ಕಪ್ ನನ್ನ ತೆರೆಗೆ ತಡವಾಗಿ ಬಂತು. ಈ ವಿಷಯದಲ್ಲಿ ಹಳೇ ಕೇಬಲ್ಲೇ ವಾಸಿ ಅಂತ ಯಾವ ಕೋರ್ಟಲ್ಲಿ ಬೇಕಾದ್ರೂ ಸಾಕ್ಷಿ ಹೇಳ್ತೀನಿ.

ನನಗೆ ನಿಜಕ್ಕೂ ಸಿಟ್ಟು ಬರೋದು ಕನ್ನಡದ ಪಾಲಿನ ಬಗ್ಗೆ. ಉದಯ ಟೀವಿ ಬಂದದ್ದು 1994ರಲ್ಲಿ. ಆಮೇಲೆ ಈಟೀವಿ, ಜೀ, ಸುವರ್ಣ. ಇವುಗಳಿಗೆ ದಿನಾ ಸಂಜೆ ತುಂಬಿಸೋಕೆ ಕನ್ನಡದ್ದೇ ಸರಕು ಬೇಕಿತ್ತು, ಹಾಗಾಗಿ ಕಥೆ ಬರೆಯೋರು, ನಟರು, ಲೈಟ್ ಹುಡುಗರು ಎಲ್ಲರಿಗೂ ಕೆಲಸ ಸಿಕ್ತು. ಗುಣಮಟ್ಟದ ಬಗ್ಗೆ ಬೇಕಾದಷ್ಟು ಬೈಯೋಣ, ಆದ್ರೆ ಊಟ ಹಾಕಿದ್ದು ನಿಜ. ಒಟಿಟಿಯವರಿಗೆ ಹಾಗೆ ತುಂಬಿಸಲೇಬೇಕಾದ ಹೊತ್ತಿಲ್ಲ. ಬೇರೆ ಭಾಷೆಯದ್ದಕ್ಕೆ ಕನ್ನಡದ ದನಿ ಕೊಟ್ರೆ ಮುಗೀತು. ಡಬ್ಬಿಂಗ್ ನೋಡೋ ಹಕ್ಕು ನೋಡುಗನಿಗೆ ಇರಲೇಬೇಕು ಅನ್ನೋನು ನಾನು, ಅದರ ಬಗ್ಗೆ ಜಗಳ ಇಲ್ಲ. ಆದ್ರೆ ನಮ್ಮಲ್ಲೇ ಮಾಡಿದ್ದನ್ನ ಕೊಳ್ಳೋರಿಲ್ಲ. ರಕ್ಷಿತ್ ಶೆಟ್ಟಿಯವರ ಸಂಸ್ಥೆಯ 'ಏಕಂ' ವೆಬ್ ಸರಣಿಯನ್ನ ಯಾವ ದೊಡ್ಡ ವೇದಿಕೆಯೂ ತಗೊಳ್ಳದೆ 2024ರಲ್ಲಿ ಅವರೇ ಸ್ವಂತ ವೆಬ್‌ಸೈಟ್ ಮಾಡಿ ಬಿಡುಗಡೆ ಮಾಡಬೇಕಾಯ್ತು. ದುಡ್ಡೂ ಹೆಸರೂ ಇರೋರ ಕಥೆ ಇದು. ಹೊಸಬರ ಕಥೆ ಕೇಳೋದೇ ಬೇಡ.

ಕೇಬಲ್‌ನವರು ಸುಮ್ಮನೆ ಕೂತಿಲ್ಲ. ಅಪ್ಪನಿಗೆ ಹಾಳೆ ತಂದುಕೊಟ್ಟ ಹುಡುಗನೇ ಈಗ ಅದೇ ಕಂಬಗಳ ಮೇಲೆ ಫೈಬರ್ ಎಳೀತಿದಾನೆ. ಸಂಜೆ ನೆಟ್ ಹೋದ್ರೆ ಅವನಿಗೇ ಫೋನ್ ಮಾಡಿ ಬೈಬಹುದು, ರಾತ್ರಿ ಒಳಗೆ ಬಂದು ಸರಿ ಮಾಡ್ತಾನೆ. ಆಪ್‌ನವರನ್ನ ಬೈಯೋಕೆ ಹೋದ್ರೆ ಚಾಟ್‌ಬಾಟ್ ಕ್ಷಮೆ ಕೇಳುತ್ತೆ.

ಕೇರಳ ಸರ್ಕಾರ 2024ರಲ್ಲಿ ತನ್ನದೇ ಒಟಿಟಿ 'ಸಿ ಸ್ಪೇಸ್' ಶುರುಮಾಡ್ತು. ಕನ್ನಡ ಸಿನಿಮಾಕ್ಕೂ ಅಂಥದ್ದು ಮಾಡ್ತೀವಿ ಅಂತ ನಮ್ಮ ಸರ್ಕಾರ 2025ರ ಮಾರ್ಚ್ ಬಜೆಟ್‌ನಲ್ಲಿ ಹೇಳಿದೆ. ಮಾಡಲಿ. ಆದ್ರೆ ಬರೀ ಒಂದು ಮೊಬೈಲ್ ಆಪ್ ಮಾಡಿ ಕೈತೊಳ್ಕೋಬೇಡಿ. ಊರೂರಿನ ಕೇಬಲ್‌ನವರ ಜೊತೆ ಮಾತಾಡಿ, ಅವರ ಬಾಕ್ಸಿನಲ್ಲೂ ಅದಕ್ಕೊಂದು ನಂಬರ್ ಕೊಡಿಸಿ. ಯಾರೂ ಕೊಳ್ಳದ ಕನ್ನಡ ಸಿನಿಮಾ, ವೆಬ್ ಸರಣಿಗಳನ್ನ ಬಿಡಿ ರೇಟಿಗೆ, ಪ್ಯಾಕ್ ಕಟ್ಟದೆ, ಒಂದೊಂದಾಗಿ ಕೊಡಿ. ಹತ್ತೋ ಇಪ್ಪತ್ತೋ ರೂಪಾಯಿ ಕೊಟ್ಟು ನೋಡೋಕೆ ನಮ್ಮಪ್ಪನಂಥವರು ಪೆನ್ಸಿಲ್ ಹಿಡ್ಕೊಂಡು ತಯಾರಿದ್ದಾರೆ.