ಪಾರ್ಕಿಂಗ್ ಎಂಬ ನೆಪ

ನಮ್ಮ ಬೀದಿಯ ಮೂಲೆಯಲ್ಲಿ ಬಹುಕಾಲ ಬಾಗಿಲು ಹಾಕಿಕೊಂಡಿದ್ದ ಅಂಗಡಿಯ ಗಾಜಿಗೆ ಯಾರೋ ಒಳಗಿನಿಂದ ಕಂದು ಕಾಗದ ಅಂಟಿಸಿದರು. ಮೂರು ದಿನ ಯಾರಿಗೂ ಏನೂ ತಿಳಿಯಲಿಲ್ಲ. ನಾಲ್ಕನೆಯ ದಿನ, ಕಾಗದದ ತುದಿ ಕಿತ್ತುಬಂದ ಕಡೆ ಇಣುಕಿ ನೋಡಿದವರೊಬ್ಬರು, ‘ಒಳಗೆ ಆ ಬಣ್ಣದ ಕುರ್ಚಿಗಳಿವೆ’ ಎಂದರು. ಯಾವ ಬಣ್ಣ ಎಂದು ಯಾರೂ ಕೇಳಲಿಲ್ಲ. ಕೆಲವು ಕಂಪನಿಗಳಿಗೆ ಹೆಸರು ಬೇಕಿಲ್ಲ, ಬಣ್ಣವೇ ಸಾಕು. ಎಲ್ಲ ಊರುಗಳಲ್ಲೂ ಒಂದೇ ಫಲಕ, ಒಂದೇ ಮೇಜು, ಒಂದೇ ನಗು ಇರುವ ರೆಸ್ಟೋರೆಂಟಿನ ಇನ್ನೊಂದು ಶಾಖೆ ನಮ್ಮ ಬೀದಿಗೂ ಬರಲಿದೆ ಎಂಬುದು ಸಂಜೆಯೊಳಗೆ ಮನೆ ಮನೆ ತಲುಪಿತು.

ಭಾನುವಾರ ಸಭೆ ಸೇರಿತು. ಹತ್ತು ವರ್ಷಗಳಿಂದ ಎದುರಾದಾಗ ತಲೆಯಾಡಿಸಿ ಮುಂದೆ ಹೋಗುತ್ತಿದ್ದವರ ಹೆಸರುಗಳು ನನಗೆ ತಿಳಿದದ್ದು ಅಂದು. ವಿರೋಧಿಸಲು ಒಂದು ವಸ್ತು ಸಿಗದೆ ನಾವು ಇಷ್ಟು ಕಾಲ ಅಪರಿಚಿತರಾಗಿಯೇ ಉಳಿದುಬಿಟ್ಟಿದ್ದೆವು! ಒಬ್ಬರು, ಇನ್ನು ಈ ಬೀದಿಗೂ ಬೇರೆ ಬೀದಿಗೂ ವ್ಯತ್ಯಾಸವೇ ಇರುವುದಿಲ್ಲ ಎಂದರು. ಮತ್ತೊಬ್ಬರು, ದುಡ್ಡು ಇಲ್ಲಿ ಖರ್ಚಾಗುತ್ತದೆ, ಲಾಭ ಎಲ್ಲಿಗೋ ಹೋಗುತ್ತದೆ ಎಂದರು. ಮೂಲೆಮನೆಯ ಅಮ್ಮ ಮಾತ್ರ ಮೆಲ್ಲಗೆ, ‘ಅಲ್ಲಿ ಕೆಲಸಕ್ಕಿರುವ ಮಕ್ಕಳು ಆರು ತಿಂಗಳಿಗೊಮ್ಮೆ ಬದಲಾಗುತ್ತಾರಂತೆ. ನಮ್ಮ ಮುಖ ಗುರುತಿಟ್ಟುಕೊಳ್ಳುವವರು ಯಾರು?’ ಎಂದು ಕೇಳಿದರು. ಆ ಸಭೆಯಲ್ಲಿ ಬಂದ ಮಾತುಗಳಲ್ಲಿ ನಿಜವಾದ ತಕರಾರು ಅದೊಂದೇ ಎಂದು ನನಗೆ ಈಗಲೂ ಅನಿಸುತ್ತದೆ.

ನಮ್ಮ ನಡುವಿದ್ದ ವಕೀಲರು ಎಲ್ಲವನ್ನೂ ತಾಳ್ಮೆಯಿಂದ ಕೇಳಿ, ಇವು ಯಾವುವೂ ಅರ್ಜಿಗೆ ಬಾರವು ಎಂದು ತಳ್ಳಿಹಾಕಿದರು. ಪರವಾನಗಿ ಕೊಡುವವರು ನೋಡುವುದು ಜಾಗವನ್ನು ಯಾವುದಕ್ಕೆ ಬಳಸುತ್ತಾರೆ ಎಂಬುದನ್ನೇ ಹೊರತು ಬಳಸುವವರು ಯಾರು ಎಂಬುದನ್ನಲ್ಲ. ಅಲ್ಲಿ ತಿನಿಸಿನ ಅಂಗಡಿ ಇರಬಹುದು ಎಂದಾದ ಮೇಲೆ, ಮಾಲೀಕನಿಗೆ ಒಂದು ಅಂಗಡಿ ಇದ್ದರೇನು, ಹತ್ತು ಸಾವಿರ ಇದ್ದರೇನು? ‘ಅಳೆಯಲು ಬರುವಂಥದ್ದು ಏನಾದರೂ ಕೊಡಿ’ ಎಂದರು.

ಹಾಗಾಗಿ ನಾವು ನಮ್ಮ ಸಂಕಟವನ್ನು ಅಳತೆಗೆ ಒಗ್ಗಿಸತೊಡಗಿದೆವು. ಪಾರ್ಕಿಂಗ್, ಹೊಗೆಕೊಳವೆಯ ವಾಸನೆ, ರಾತ್ರಿಯ ಗದ್ದಲ, ಡೆಲಿವರಿ ಬೈಕುಗಳು, ಕಸ, ಇಲಿ, ಮಲಗುವ ಕೋಣೆಗೆ ಬೀಳುವ ಫಲಕದ ಬೆಳಕು. ನಿವೃತ್ತ ಮೇಷ್ಟ್ರೊಬ್ಬರು ಸಂಜೆ ಆರರಿಂದ ಒಂಬತ್ತರವರೆಗೆ ಗೇಟಿನ ಬಳಿ ಕುರ್ಚಿ ಹಾಕಿಕೊಂಡು, ಗೆರೆಯೆಳೆದ ನೋಟ್‌ಬುಕ್ಕಿನಲ್ಲಿ ವಾಹನಗಳನ್ನು ಲೆಕ್ಕ ಹಾಕಿದರು. ಅವರ ಮಗನೇ ಬೈಕಿನಲ್ಲಿ ನಾಲ್ಕು ಸಲ ಹಾದುಹೋದದ್ದು ಅದರಲ್ಲಿ ಸೇರಿತ್ತು. ಮೇಷ್ಟ್ರು ಪ್ರಾಮಾಣಿಕರು, ಆ ನಾಲ್ಕನ್ನೂ ಬೇರೆ ಬಣ್ಣದ ಶಾಯಿಯಲ್ಲಿ ಬರೆದಿದ್ದರು. ಮೂಲೆಮನೆಯ ಅಮ್ಮನ ಪ್ರಶ್ನೆ ಅಂತಿಮ ಅರ್ಜಿಯಲ್ಲಿ ‘ಪಾದಚಾರಿಗಳ ಸುರಕ್ಷತೆ’ ಎಂಬ ತಲೆಬರಹದ ಕೆಳಗೆ ಹೇಗೋ ಕರಗಿಹೋಯಿತು.

ಮುಂದಿನ ಸಭೆಯಲ್ಲಿ ಓದಿ ಹೇಳಲು ಬೇಕಾಗುತ್ತದೆಂದು ನಾನು ರಾತ್ರಿ ಕುಳಿತು ಬೇರೆ ಊರುಗಳ ಜಗಳಗಳನ್ನು ಹುಡುಕಿದೆ. ನೆಪ ಹುಡುಕುವುದರಲ್ಲಿ ನಾವೇ ಮೊದಲಿಗರಲ್ಲ ಎಂದು ತಿಳಿದು ಸಮಾಧಾನವಾಯಿತು. 1986ರಲ್ಲಿ ರೋಮ್ ನಗರದ ಸ್ಪ್ಯಾನಿಷ್ ಮೆಟ್ಟಿಲುಗಳ ಸಮೀಪ ಮೆಕ್‌ಡೊನಾಲ್ಡ್ಸ್ ಬಂದಾಗ, ಅಲ್ಲೇ ಪಕ್ಕದಲ್ಲಿ ನೆಲೆಯೂರಿದ್ದ ಖ್ಯಾತ ವಸ್ತ್ರವಿನ್ಯಾಸಕಾರ ವ್ಯಾಲೆಂಟಿನೊ ತಕರಾರು ಎತ್ತಿದ. ಜಗತ್ತಿನ ಸಿರಿವಂತರಿಗೆ ಅಂದವೆಂದರೇನು ಎಂದು ಹೇಳಿಕೊಡುತ್ತಿದ್ದವನ ದೂರೂ ಕೊನೆಗೆ ಕರಿದ ಎಣ್ಣೆಯ ವಾಸನೆ ಮತ್ತು ಗದ್ದಲದ ಮೇಲೆಯೇ ನಿಂತಿತು. ಊಟ-ತಿನಿಸಿನ ಬಗ್ಗೆ ಬರೆಯುತ್ತಿದ್ದ ಇಟಲಿಯ ಕಾರ್ಲೊ ಪೆಟ್ರಿನಿ ಮತ್ತು ಸಂಗಡಿಗರು ಮಾತ್ರ ನೆಪ ಹುಡುಕದೆ ಜನರಿಗೆ ಪೆನ್ನೆ ಪಾಸ್ತಾ ಹಂಚಿ ಪ್ರತಿಭಟಿಸಿದರು. ಅದೇ ಮುಂದೆ, ಊರಿನ ಅಡುಗೆಯನ್ನು ನಿಧಾನವಾಗಿ ಸವಿಯಬೇಕು ಎನ್ನುವ ಸ್ಲೋ ಫುಡ್ ಚಳವಳಿಯಾಯಿತು. 1989ರಲ್ಲಿ ಪ್ಯಾರಿಸ್ಸಿನಲ್ಲಿ ಅದರ ಪ್ರಣಾಳಿಕೆಗೆ ಹಲವು ದೇಶಗಳವರು ಸಹಿ ಹಾಕಿದರು. ಬಸವನಹುಳು ಅದರ ಗುರುತು. ಆ ಬಸವನಹುಳು ನಿಧಾನವಾಗಿಯೇ ಜಗತ್ತನ್ನೆಲ್ಲ ಸುತ್ತಿಬಂತು. ರೆಸ್ಟೋರೆಂಟ್ ಇದ್ದಲ್ಲೇ ಇದೆ.

ಆಸ್ಟ್ರೇಲಿಯಾದ ಟೆಕೋಮಾ ಎಂಬ ಪುಟ್ಟ ಊರಿನ ಜನ ತಮ್ಮಲ್ಲಿಗೆ ಮೆಕ್‌ಡೊನಾಲ್ಡ್ಸ್ ಬೇಡವೆಂದು, ತೋಟದಲ್ಲಿಡುವ ಕುಳ್ಳ ಗೊಂಬೆಗಳನ್ನೇ ಪ್ರತಿಭಟನೆಯ ಗುರುತಾಗಿ ನಿಲ್ಲಿಸಿದ್ದರು. ಸ್ಥಳೀಯ ಆಡಳಿತ ಅವರ ಪರವಾಗಿಯೇ ಇತ್ತು. ಆದರೆ ಮೇಲಿನ ನ್ಯಾಯಮಂಡಳಿ 2012ರಲ್ಲಿ ಅನುಮತಿ ಕೊಟ್ಟಿತು, 2014ರಲ್ಲಿ ರೆಸ್ಟೋರೆಂಟ್ ಬಾಗಿಲು ತೆರೆಯಿತು. ಗೊಂಬೆಗಳನ್ನು ಆಮೇಲೆ ಯಾರು ಮನೆಗೆ ಒಯ್ದರೋ ಎಂಬ ಯೋಚನೆ ನನ್ನನ್ನು ಬಹಳ ಹೊತ್ತು ಕಾಡಿತು.

ಮನಸ್ಸಿನಲ್ಲಿದ್ದುದನ್ನು ನೇರವಾಗಿ ಕಾನೂನಿನಲ್ಲಿ ಬರೆದುಕೊಂಡ ಊರೂ ಒಂದಿದೆ. ಸ್ಯಾನ್ ಫ್ರಾನ್ಸಿಸ್ಕೋ 2004ರಲ್ಲಿ ಸರಪಳಿ ಅಂಗಡಿ ಎಂದರೇನು ಎಂದು ವ್ಯಾಖ್ಯೆ ಮಾಡಿತು: ಬೇರೆಡೆ 11 ಅಥವಾ ಅದಕ್ಕಿಂತ ಹೆಚ್ಚು ಅಂಗಡಿಗಳಿರಬೇಕು, ಜೊತೆಗೆ ಒಂದೇ ಬಗೆಯ ಸರಕು, ಮುಂಭಾಗ, ಬಣ್ಣ, ಸಮವಸ್ತ್ರ, ಫಲಕ ಮುಂತಾದವುಗಳಲ್ಲಿ ಎರಡಾದರೂ ಎಲ್ಲ ಕಡೆಯೂ ಸಮಾನವಾಗಿರಬೇಕು. 2006ರಲ್ಲಿ ಮತದಾರರೇ ಇದನ್ನು ಇನ್ನಷ್ಟು ಬಿಗಿಗೊಳಿಸಿದರು. ಓದಿ ಸಂತೋಷವಾಯಿತು, ಕೂಡಲೇ ಗೊಂದಲವೂ ಆಯಿತು. ಬೇರೆಡೆ ಹತ್ತು ಅಂಗಡಿ ಇರುವವನು ನೆರೆಯವನು; ಮತ್ತೊಂದು ಸೇರಿದ ದಿನ ಅವನು ಪರಕೀಯ. ಒಂದು ರಾತ್ರಿಯಲ್ಲಿ ಅವನಿಗೆ ಏನಾಯಿತು? ನಮ್ಮವನೇ ಒಬ್ಬ ಒಂದು ಅಂಗಡಿಯಿಂದ ಹನ್ನೆರಡಕ್ಕೆ ಬೆಳೆದಿದ್ದರೆ ನಾವು ಸನ್ಮಾನ ಮಾಡುತ್ತಿದ್ದೆವಲ್ಲವೇ? ಆದರೂ ಎಲ್ಲೋ ಒಂದು ಕಡೆ ಗೆರೆ ಎಳೆಯಲೇಬೇಕು, ಗೆರೆ ಎಳೆದಲ್ಲೆಲ್ಲ ಒಬ್ಬ ಬಡಪಾಯಿ ಅದರ ಮೇಲೆಯೇ ನಿಂತಿರುತ್ತಾನೆ.

ನನಗೆ ಹೆಚ್ಚು ಹಿಡಿಸಿದ್ದು ಇಟಲಿಯ ಅಲ್ತಮೂರಾದ ಕಥೆ. ಅಲ್ಲಿ 2001ರಲ್ಲಿ ಬಂದ ಮೆಕ್‌ಡೊನಾಲ್ಡ್ಸ್ 2002ರ ಕೊನೆಯ ಹೊತ್ತಿಗೆ ಜಾಗ ಖಾಲಿ ಮಾಡಿತು. ಸಮೀಪದಲ್ಲೇ ಒಬ್ಬ ಬೇಕರಿಯವನು ಊರಿನವರು ಮೊದಲಿನಿಂದ ತಿನ್ನುತ್ತಿದ್ದ ಫೊಕಾಚ್ಚಾ ರೊಟ್ಟಿಯನ್ನೇ ಸುಡುತ್ತಿದ್ದ, ಜನ ಅಲ್ಲಿಗೇ ಹೋದರು. ಇದನ್ನು ಸಭೆಯಲ್ಲಿ ಹೇಳಿದೆ. ವಕೀಲರು, ‘ಇದು ಅರ್ಜಿಗೆ ಉಪಯೋಗವಿಲ್ಲ’ ಎಂದರು.

ಅದೇ ಸಭೆಯಲ್ಲಿ ಸಹಿ ಹಾಳೆ ಕೈಯಿಂದ ಕೈಗೆ ದಾಟುತ್ತ ಕಾಲೇಜು ಓದುವ ಹುಡುಗಿಯೊಬ್ಬಳ ಬಳಿಗೆ ಬಂತು. ಅವಳು ಓದಿ ಪಕ್ಕದವರಿಗೆ ದಾಟಿಸಿದಳು, ಸಹಿ ಹಾಕಲಿಲ್ಲ. ಯಾಕಮ್ಮ ಎಂದು ಮೇಷ್ಟ್ರು ಕೇಳಿದರು. ‘ಇಲ್ಲಿ ಎಲ್ಲಿ ಕುಳಿತರೂ ಯಾರ ಮಗಳು, ಜೊತೆಗೆ ಬಂದವರು ಯಾರು ಎಂದು ವಿಚಾರಿಸುತ್ತಾರೆ ಸರ್. ನನ್ನ ಮುಖ ಯಾರಿಗೂ ಗೊತ್ತಿಲ್ಲದ ಜಾಗ ಒಂದಾದರೂ ಇರಲಿ’ ಎಂದಳು. ಮೂಲೆಮನೆಯ ಅಮ್ಮ ಅವಳನ್ನು ತುಸು ಹೊತ್ತು ನೋಡಿದರು. ಸಿಟ್ಟೇನೂ ಇರಲಿಲ್ಲ, ತಾವು ಆ ವಯಸ್ಸಿನಲ್ಲಿ ಎಲ್ಲೆಲ್ಲಿ ಕೂರಲಾಗಲಿಲ್ಲ ಎಂದು ಲೆಕ್ಕ ಹಾಕುತ್ತಿದ್ದಂತೆ ಕಂಡಿತು.

ನನಗೂ ಒಳಗೊಳಗೇ ಕಸಿವಿಸಿ. ಪರಊರಿನಲ್ಲಿ, ಭಾಷೆ ತಿಳಿಯದ ಕಡೆ, ಬಸ್ಸಿಳಿದ ಕೂಡಲೇ ನನ್ನ ಕಣ್ಣು ಹುಡುಕುವುದು ಆ ಬಣ್ಣದ ಫಲಕವನ್ನೇ. ಏನು ಸಿಗುತ್ತದೆ ಎಂಬುದು ಗೊತ್ತಿರುತ್ತದೆ, ಹೇಗೆ ಕೇಳಬೇಕೆಂಬ ಚಿಂತೆಯಿಲ್ಲ, ಶೌಚಾಲಯ ಶುಚಿಯಾಗಿರುತ್ತದೆ, ಒಂದು ಲೋಟ ಮುಂದಿಟ್ಟುಕೊಂಡು ಎರಡು ಗಂಟೆ ಕುಳಿತರೂ ಏಳಿ ಎನ್ನುವವರಿಲ್ಲ. ಆ ಫಲಕದ ಕೆಳಗೂ ಒಂದು ಬೀದಿ ಇತ್ತು, ಆ ಬೀದಿಯಲ್ಲೂ ಯಾರೋ ನೋಟ್‌ಬುಕ್ ಹಿಡಿದು ವಾಹನ ಎಣಿಸಿದ್ದಿರಬಹುದು ಎಂದು ನನಗೆ ಒಂದು ದಿನವೂ ಹೊಳೆದಿರಲಿಲ್ಲ. ಎಲ್ಲ ಊರುಗಳೂ ಒಂದೇ ಥರ ಇರಲಿ, ನನ್ನ ಬೀದಿಯೊಂದನ್ನು ಬಿಟ್ಟು ಎಂಬುದು ನನ್ನ ನಿಲುವೇ? ಹಾಳೆ ನನ್ನ ಬಳಿಗೆ ಬಂದಾಗ ಸಹಿ ಹಾಕಿದೆ. ಪೆನ್ನು ಬೇಗ ಮುಂದಕ್ಕೆ ಕೊಟ್ಟೆ.

ಅರ್ಜಿ ಸಲ್ಲಿಸಿ ಎರಡು ತಿಂಗಳಿಗೆ ಕಂಪನಿಯೇ ಹಿಂದೆ ಸರಿಯಿತು. ನಮ್ಮ ಹೋರಾಟದಿಂದ ಎಂದು ನಾವು ಹೇಳಿಕೊಂಡೆವು, ಬಾಡಿಗೆ ಹೊಂದಲಿಲ್ಲವಂತೆ ಎಂದು ಕಟ್ಟಡದ ಕಾವಲುಗಾರ ಹೇಳಿದ. ಕುರ್ಚಿಗಳು ಒಂದು ಲಾರಿಯಲ್ಲಿ ಹೊರಟುಹೋದವು. ಆಮೇಲೆ ಭಾನುವಾರಗಳು ಬಂದವು, ಸಭೆಗಳು ನಡೆಯಲಿಲ್ಲ. ಎದುರಾದಾಗ ಮತ್ತೆ ತಲೆಯಾಡಿಸುವುದು ರೂಢಿಯಾಯಿತು. ಈಗ ಹೆಸರು ಗೊತ್ತಿದೆ ಎಂಬುದಷ್ಟೇ ವ್ಯತ್ಯಾಸ.

ಮೊನ್ನೆ ಅದೇ ಗಾಜಿಗೆ ಮತ್ತೆ ಕಂದು ಕಾಗದ ಬಂತು. ಈ ಸಲ ಬ್ಯಾಂಕ್. ದೇಶದ ತುಂಬ ಶಾಖೆಗಳಿರುವ, ಎಲ್ಲೆಡೆ ಒಂದೇ ಬಣ್ಣದ ಫಲಕ ತೂಗುಹಾಕುವ, ಮೂರು ವರ್ಷಕ್ಕೊಮ್ಮೆ ಸಿಬ್ಬಂದಿಯನ್ನು ವರ್ಗ ಮಾಡುವ ಬ್ಯಾಂಕ್. ಮೇಷ್ಟ್ರು ಗೇಟಿನ ಬಳಿ ನಿಂತಿದ್ದರು. ನೋಟ್‌ಬುಕ್ ತಂದಿರಲಿಲ್ಲ. ಫಲಕ ಏರಿಸುತ್ತಿದ್ದ ಹುಡುಗನನ್ನು ಕೂಗಿ, ಎಟಿಎಂ ಒಳಗಿರುತ್ತದೋ ಹೊರಗೋ ಎಂದು ಕೇಳಿದರು.